ಯಾರ ಪೈಕಿ? ಬೆಳೆಗಳ ನಂಟು ಹೇಳುವ ಬಿಸಿಲಿನ ಪ್ರೋಟೀನುಗಳು

ಮದುವೆ ಮನೆಯ ಪಂಕ್ತಿಯಲ್ಲಿ ಅಪರಿಚಿತರಿಬ್ಬರು ಅಕ್ಕಪಕ್ಕ ಕುಳಿತರೆ, ಎಲೆಯ ತುದಿಗೆ ಉಪ್ಪು ಬೀಳುವ ಹೊತ್ತಿಗೆ 'ಯಾವೂರು?' ಎಂಬ ಪ್ರಶ್ನೆ ಬಂದಿರುತ್ತದೆ. ಪಾಯಸ ಬರುವುದರೊಳಗೆ 'ಅಲ್ಲಿ ಯಾರ ಪೈಕಿ?' ಎಂಬುದೂ ಇತ್ಯರ್ಥವಾಗುತ್ತದೆ. ಮುಖದ ಹೋಲಿಕೆ, ಮನೆತನದ ಹೆಸರು, ಮನೆದೇವರು, ಯಾರೋ ಅಜ್ಜಿ ಹೇಳಿದ ಮಾತು, ಹೀಗೆ ನಾಲ್ಕಾರು ಸಾಕ್ಷಿಗಳನ್ನು ಹಿಡಿದು ನಾವು ನಂಟನ್ನು ಗೊತ್ತುಮಾಡುತ್ತೇವೆ. ಬೆಳೆಗಳ ವಿಷಯದಲ್ಲಿ ಸಸ್ಯಶಾಸ್ತ್ರಜ್ಞರು ಮಾಡಿಕೊಂಡು ಬಂದದ್ದೂ ಇದನ್ನೇ. ರಾಗಿ ಯಾರ ಪೈಕಿ, ಗೋಧಿಯ ಹೆತ್ತವರು ಯಾರು, ಜೋಳಕ್ಕೂ ಮೆಕ್ಕೆಜೋಳಕ್ಕೂ ಯಾವಾಗ ಮನೆ ಪಾಲಾಯಿತು ಎಂಬ ಪ್ರಶ್ನೆಗಳಿಗೆ ಅವರು ಹೂವು, ತೆನೆ, ಕಾಳು, ವರ್ಣತಂತು ಎಲ್ಲವನ್ನೂ ಸಾಕ್ಷಿಗೆ ಕರೆದರು. 1980ರ ದಶಕದಿಂದೀಚೆಗೆ ಈ ಸಾಕ್ಷಿಗಳ ಸಾಲಿಗೆ ವಿಚಿತ್ರವಾದ ಒಂದು ಹೊಸ ಸಾಕ್ಷಿ ಸೇರಿತು. ಗಿಡ ನೆಮ್ಮದಿಯಾಗಿರುವಾಗ ಅದು ಬಹುಮಟ್ಟಿಗೆ ಮೌನವಾಗಿರುತ್ತದೆ. ಬಿಸಿಲಿನ ಬೇಗೆ ತಾಗಿದಾಗ ಬಾಯಿ ಬಿಡುತ್ತದೆ.

ಇದು ಕೇವಲ ಪಂಡಿತರ ಕುತೂಹಲದ ಮಾತಲ್ಲ. 2022ರ ಮಾರ್ಚ್ ತಿಂಗಳು ನಮ್ಮ ದೇಶದಲ್ಲಿ 1901ರಿಂದೀಚೆಗೆ ದಾಖಲಾದ ಅತಿ ಬಿಸಿಯ ಮಾರ್ಚ್ ಆಗಿತ್ತು. ಉತ್ತರ ಭಾರತದ ಗದ್ದೆಗಳಲ್ಲಿ ಗೋಧಿ ಆಗ ಹಾಲುಗಾಳು ತುಂಬುವ ಹಂತದಲ್ಲಿತ್ತು. ಕಾಳು ಜೊಳ್ಳಾಯಿತು, ಇಳುವರಿ ಕುಗ್ಗಿತು. ಮೇ 13ರಂದು ಸರ್ಕಾರ ಗೋಧಿಯ ರಫ್ತನ್ನೇ ನಿಷೇಧಿಸಬೇಕಾಯಿತು. ಇಂಥ ಬೇಗೆಯನ್ನು ತಡೆಯುವ ಗುಣ ಗೋಧಿಯ ಯಾವ ಕಾಡುಬಂಧುವಿನಲ್ಲಿದೆ, ಅದನ್ನು ಮನೆಗೆ ತರುವುದು ಹೇಗೆ ಎಂದು ಹುಡುಕುವವನಿಗೆ ಬಂಧು ಯಾರು ಎಂಬುದು ಮೊದಲು ತಿಳಿದಿರಬೇಕು.

ಪ್ರೋಟೀನು ನೋಡಿ ನಂಟು ಹೇಳುವ ಕೆಲಸ ಹೊಸದೇನಲ್ಲ. 1920ರ ದಶಕದಲ್ಲಿ ಜರ್ಮನಿಯ ಕೋನಿಗ್ಸ್‌ಬರ್ಗ್ ನಗರದಲ್ಲಿ, ಅಂದರೆ ಈಗ ರಷ್ಯಕ್ಕೆ ಸೇರಿರುವ ಕಲಿನಿನ್‌ಗ್ರಾಡಿನಲ್ಲಿ, ಕಾರ್ಲ್ ಮೆಟ್ಸ್ ಎಂಬ ಸಸ್ಯಶಾಸ್ತ್ರಜ್ಞ ಇಡೀ ಸಸ್ಯಲೋಕದ ವಂಶವೃಕ್ಷವನ್ನು ರಕ್ತರಸದ ಪರೀಕ್ಷೆಯಿಂದಲೇ ಬರೆಯಲು ಹೊರಟ. ವಿಧಾನ ಸರಳ. ಒಂದು ಸಸ್ಯದ ಪ್ರೋಟೀನನ್ನು ಮೊಲಕ್ಕೆ ಚುಚ್ಚಬೇಕು. ಮೊಲದ ರಕ್ತದಲ್ಲಿ ಆ ಪ್ರೋಟೀನನ್ನು ಗುರುತು ಹಿಡಿಯುವ ಪ್ರತಿಕಾಯಗಳು ಹುಟ್ಟುತ್ತವೆ. ಆ ರಕ್ತರಸಕ್ಕೆ ಮತ್ತೊಂದು ಸಸ್ಯದ ರಸವನ್ನು ಬೆರೆಸಿದಾಗ ಗಸಿ ಇಳಿದರೆ ಎರಡೂ ಬಂಧುಗಳು. ಗಸಿ ಹೆಚ್ಚಾದಷ್ಟೂ ನಂಟು ಹತ್ತಿರ. ಹೀಗೆ ಮೆಟ್ಸ್ ದೊಡ್ಡದೊಂದು ವೃಕ್ಷವನ್ನೇ ಬರೆದು ಪ್ರಕಟಿಸಿದ. ಆದರೆ ಬರ್ಲಿನ್ನಿನ ಸಸ್ಯಶಾಸ್ತ್ರಜ್ಞರು ಅದೇ ಪರೀಕ್ಷೆ ಮಾಡಿದಾಗ ಅದೇ ಫಲ ಬರಲಿಲ್ಲ. ಎರಡು ಊರುಗಳ ನಡುವೆ ವರ್ಷಗಟ್ಟಲೆ ವಾಗ್ಯುದ್ಧ ನಡೆದು, ಕೊನೆಗೆ ವೃಕ್ಷವೂ ವಿಧಾನವೂ ವಿದ್ವಾಂಸರ ವಿಶ್ವಾಸ ಕಳೆದುಕೊಂಡವು. ಮೊಲದ ರಕ್ತರಸದ ಈ ಮಾತನ್ನು ಓದುಗರು ನೆನಪಿಟ್ಟಿರಬೇಕು. ಮುಂದೆ ದೆಹಲಿಯಲ್ಲಿ ಅದು ಮತ್ತೆ ಬರುತ್ತದೆ.

ಎರಡನೆಯ ಪಾಠ ಗೋಧಿಯಿಂದಲೇ ಬಂತು. ಚಪಾತಿಯ ಗೋಧಿಯಲ್ಲಿ 42 ವರ್ಣತಂತುಗಳಿವೆ. ಅವು ಎ, ಬಿ, ಡಿ ಎಂದು ಕರೆಯುವ ಮೂರು ಗಣಗಳು, ಅಂದರೆ ಮೂರು ಬೇರೆ ಬೇರೆ ಹುಲ್ಲುಗಳಿಂದ ಬಂದ ಆಸ್ತಿ. ಮೊದಲು ಎ ಮತ್ತು ಬಿ ಸೇರಿ ಒಂದು ಗೋಧಿಯಾಯಿತು. ಬೆಳಗಾವಿ, ವಿಜಯಪುರದ ಕಡೆಯ ಜವೆಗೋಧಿ ಈ ಕವಲಿಗೆ ಸೇರಿದ್ದು. ಆಮೇಲೆ, ಬೇಸಾಯ ಆರಂಭವಾದ ನಂತರ, ಡಿ ಗಣದ ಹುಲ್ಲೊಂದು ಬಂದು ಕೂಡಿತು. ಹಾಗಾದರೆ ಬಿ ಗಣ ಕೊಟ್ಟವರು ಯಾರು? 1975ರಲ್ಲಿ ಕ್ಯಾಲಿಫೋರ್ನಿಯದ ಬಿ. ಎಲ್. ಜಾನ್ಸನ್ ಕಾಳಿನ ಪ್ರೋಟೀನುಗಳನ್ನು ವಿದ್ಯುತ್ತಿನ ಸಹಾಯದಿಂದ ಜೆಲ್ ಮೇಲೆ ಬೇರ್ಪಡಿಸಿ, ಮೂಡಿದ ಪಟ್ಟಿಗಳನ್ನು ಹೋಲಿಸಿ, 'ಟ್ರಿಟಿಕಮ್ ಉರಾರ್ತು' ಎಂಬ ಕಾಡುಗೋಧಿಯೇ ಬಿ ಗಣದ ದಾನಿ ಎಂದು ಸಾರಿದ. ಮರುವರ್ಷವೇ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಚಾಪ್‌ಮನ್, ಮಿಲ್ಲರ್ ಮತ್ತು ರೈಲಿ ಆ ಕಾಡುಗೋಧಿಯನ್ನು ಗೋಧಿಯೊಡನೆ ಸಂಕರಿಸಿ, ವರ್ಣತಂತುಗಳು ಯಾವುದರ ಜೊತೆ ಜೋಡಿಯಾಗುತ್ತವೆಂದು ನೋಡಿದರು. ಅವು ಕೂಡಿದ್ದು ಎ ಗಣದ ಜೊತೆ! ಉರಾರ್ತು ಗೋಧಿಯ ಹೆತ್ತವರಲ್ಲಿ ಒಬ್ಬನೆಂಬುದು ನಿಜವೇ ಆಗಿತ್ತು, ಆದರೆ ಜಾನ್ಸನ್ ಹೇಳಿದ ಸ್ಥಾನ ತಪ್ಪಾಗಿತ್ತು. ಎರಡು ಪಟ್ಟಿಗಳು ಒಂದೇ ಎತ್ತರದಲ್ಲಿ ನಿಂತವೆಂದ ಮಾತ್ರಕ್ಕೆ ಅವು ಒಂದೇ ಪ್ರೋಟೀನು ಆಗಬೇಕಿಲ್ಲ.

ಈಗ ಬಿಸಿಲಿನ ಸಾಕ್ಷಿಗೆ ಬರೋಣ. ಅದರ ಕಥೆ ಬೆಳೆಯಿಂದಲ್ಲ, ನೊಣದಿಂದ ಆರಂಭವಾಗುತ್ತದೆ. 1960ರ ಆಸುಪಾಸಿನಲ್ಲಿ ಇಟಲಿಯ ತಳಿವಿಜ್ಞಾನಿ ಫೆರುಚ್ಚೊ ರಿಟೊಸ್ಸಾ ಹಣ್ಣುನೊಣದ ಮರಿಹುಳುಗಳ ಜೊಲ್ಲುಗ್ರಂಥಿಯಲ್ಲಿರುವ ದೈತ್ಯ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ. ಒಂದು ದಿನ ಯಾರೋ ಸಹೋದ್ಯೋಗಿ ನೊಣಗಳನ್ನಿಟ್ಟ ಪೆಟ್ಟಿಗೆಯ ಉಷ್ಣತೆಯನ್ನು ಏರಿಸಿಬಿಟ್ಟಿದ್ದರು. ವರ್ಣತಂತುಗಳ ಮೇಲೆ ಹಿಂದೆಂದೂ ಕಾಣದ ಜಾಗಗಳಲ್ಲಿ ಉಬ್ಬುಗಳು ಎದ್ದಿದ್ದವು. ಉಬ್ಬು ಎಂದರೆ ಅಲ್ಲಿಯ ಜೀನು ಕೆಲಸಕ್ಕೆ ಇಳಿದಿದೆ ಎಂದು ಅರ್ಥ. ಬೇರೆಯವನಾಗಿದ್ದರೆ ಪೆಟ್ಟಿಗೆ ಮುಟ್ಟಿದವರನ್ನು ಬೈದು ಹುಳುಗಳನ್ನು ಎಸೆದುಬಿಡುತ್ತಿದ್ದ. ರಿಟೊಸ್ಸಾ ಮತ್ತೆ ಮತ್ತೆ ಬೇಕೆಂದೇ ಬಿಸಿ ಏರಿಸಿ ನೋಡಿದ. ಹೆಸರಾಂತ ಪತ್ರಿಕೆಯೊಂದು ಇದರಿಂದ ಜೀವಶಾಸ್ತ್ರಕ್ಕೆ ಪ್ರಯೋಜನವಿಲ್ಲವೆಂದು ಲೇಖನವನ್ನು ಹಿಂದಿರುಗಿಸಿತು. 1962ರಲ್ಲಿ ಅದು 'ಎಕ್ಸ್‌ಪೀರಿಯೆಂಶಿಯಾ' ಪತ್ರಿಕೆಯಲ್ಲಿ ಅಚ್ಚಾಯಿತು. ಆ ಉಬ್ಬುಗಳಿಂದ ಹುಟ್ಟುವ ಪ್ರೋಟೀನುಗಳು ಕಣ್ಣಿಗೆ ಬೀಳಲು ಇನ್ನೂ ಹನ್ನೆರಡು ವರ್ಷ ಬೇಕಾಯಿತು. 1974ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಟಿಸ್ಯೇರ್, ಮಿಚೆಲ್ ಮತ್ತು ಟ್ರೇಸಿ ಅವುಗಳನ್ನು ಗುರುತಿಸಿದರು. ಉಷ್ಣಾಘಾತ ಪ್ರೋಟೀನುಗಳು ಎಂಬ ಹೆಸರು ನಿಂತಿತು.

ಗಿಡಗಳ ಸರದಿ 1980ರಲ್ಲಿ ಬಂತು. ಆ ವರ್ಷ ತಂಬಾಕು ಮತ್ತು ಸೋಯಾ ಅವರೆಯ ಜೀವಕೋಶಗಳಲ್ಲಿ ಇಂಥ ಪ್ರೋಟೀನುಗಳು ಕಂಡವು. 1981ರಲ್ಲಿ ಅಮೆರಿಕದ ಜಾರ್ಜಿಯ ವಿಶ್ವವಿದ್ಯಾನಿಲಯದ ಜೋ ಕೀ ಮತ್ತು ಸಂಗಡಿಗರು ಸೋಯಾ ಮೊಳಕೆಗಳ ಮೇಲೆ ವಿವರವಾದ ಪ್ರಯೋಗ ಪ್ರಕಟಿಸಿದರು. ಮೊಳಕೆಯನ್ನು 40 ಡಿಗ್ರಿಗೆ ಒಯ್ದರೆ ಕೆಲವೇ ನಿಮಿಷಗಳಲ್ಲಿ ಅದು ದಿನನಿತ್ಯದ ಪ್ರೋಟೀನುಗಳ ತಯಾರಿಕೆಯನ್ನು ತಗ್ಗಿಸಿ ಹೊಸ ಪ್ರೋಟೀನುಗಳನ್ನು ಮಾಡತೊಡಗುತ್ತದೆ. ಇನ್ನೂ ಸ್ವಾರಸ್ಯದ ಸಂಗತಿ ಮುಂದಿದೆ. ಮೊಳಕೆಯನ್ನು ನೇರವಾಗಿ 45 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಸಾಯುತ್ತದೆ. ಮೊದಲು ಎರಡು ಗಂಟೆ 40 ಡಿಗ್ರಿಯ ರುಚಿ ತೋರಿಸಿ ಆಮೇಲೆ 45ಕ್ಕೆ ಒಯ್ದರೆ ಬದುಕುತ್ತದೆ. ಸಣ್ಣ ಪೆಟ್ಟು ತಿಂದ ಗಿಡ ದೊಡ್ಡ ಪೆಟ್ಟಿಗೆ ಸಿದ್ಧವಾಗಿರುತ್ತದೆ.

ಈ ಪ್ರೋಟೀನುಗಳು ಮಾಡುವ ಕೆಲಸವೇನು? ಮೊಟ್ಟೆ ಬೆಂದಾಗ ಅದರ ನೀರಾದ ಬಿಳಿ ಭಾಗ ಗಟ್ಟಿಯಾಗುವುದನ್ನು ಎಲ್ಲರೂ ನೋಡಿದ್ದೇವೆ. ಪ್ರೋಟೀನಿನ ಎಳೆ ತನ್ನ ಮಡಿಕೆ ಬಿಚ್ಚಿ, ಒಂದಕ್ಕೊಂದು ತೊಡರಿ ಗಂಟಾಗುವುದರ ಫಲ ಅದು. ಬಿಸಿಲಿಗೆ ಸಿಕ್ಕ ಜೀವಕೋಶದಲ್ಲೂ ಇದೇ ಅಪಾಯವಿದೆ. ಉಷ್ಣಾಘಾತ ಪ್ರೋಟೀನುಗಳು ಮಡಿಕೆ ಬಿಚ್ಚಿದ ಎಳೆಗಳನ್ನು ಗಂಟಾಗದಂತೆ ಹಿಡಿದುಕೊಳ್ಳುತ್ತವೆ, ಬಿಸಿ ಇಳಿದ ಮೇಲೆ ಮತ್ತೆ ಮಡಿಸಲು ನೆರವಾಗುತ್ತವೆ. ತೂಕಕ್ಕೆ ತಕ್ಕಂತೆ ಇವುಗಳಿಗೆ ಹೆಸರು: ಸುಮಾರು 100 ಕಿಲೋಡಾಲ್ಟನ್ನಿನವು, 90ರವು, 70ರವು, 60ರವು. ಇವೆಲ್ಲಕ್ಕಿಂತ ಕೆಳಗೆ 15ರಿಂದ 25ರ ಸುಮಾರಿನ ಚಿಕ್ಕ ಪ್ರೋಟೀನುಗಳ ದೊಡ್ಡ ಗುಂಪು. ಪ್ರಾಣಿಗಳಲ್ಲಿ ಈ ಚಿಕ್ಕವು ಕೆಲವೇ. ಗಿಡಗಳಲ್ಲಿ ಇವುಗಳದೇ ಮೇಳ. ನೆರಳಿಗೆ ಓಡಲಾಗದೆ ನೆಟ್ಟಲ್ಲೇ ನಿಲ್ಲಬೇಕಾದ ಜೀವಿಗೆ ಇಷ್ಟು ದೊಡ್ಡ ಪಡೆ ಬೇಕಾಯಿತೆಂದು ತೋರುತ್ತದೆ.

ಬೆಳೆಗಳನ್ನು ಸಾಲಾಗಿ ನಿಲ್ಲಿಸಿ ಹೋಲಿಸುವ ಕೆಲಸವನ್ನು 1987ರಲ್ಲಿ ಮ್ಯಾನ್ಸ್‌ಫೀಲ್ಡ್ ಮತ್ತು ಕೀ ಮಾಡಿದರು. ಸೋಯಾ, ಬಟಾಣಿ, ಸೂರ್ಯಕಾಂತಿ, ಗೋಧಿ, ಭತ್ತ, ಮೆಕ್ಕೆಜೋಳ, ಸಜ್ಜೆ, ಬರಗು: ಒಟ್ಟು ಎಂಟು ಬೆಳೆ. ಪಟ್ಟಿ ನೋಡಿದರೆ ನಮ್ಮ ಬಯಲುಸೀಮೆಯ ಸಂತೆಯನ್ನೇ ಅಮೆರಿಕದ ಪ್ರಯೋಗಾಲಯಕ್ಕೆ ಒಯ್ದಂತಿದೆ. ಎಲ್ಲವನ್ನೂ ಬಿಸಿಗೆ ಒಡ್ಡಿ, ಚಿಕ್ಕ ಪ್ರೋಟೀನುಗಳನ್ನು ಜೆಲ್ ಮೇಲೆ ಎರಡು ದಿಕ್ಕಿಗೆ ಹರಡಿದರು. ಒಂದು ದಿಕ್ಕಿನಲ್ಲಿ ವಿದ್ಯುದಂಶಕ್ಕೆ ತಕ್ಕಂತೆ, ಮತ್ತೊಂದು ದಿಕ್ಕಿನಲ್ಲಿ ತೂಕಕ್ಕೆ ತಕ್ಕಂತೆ ಅವು ಬೇರ್ಪಟ್ಟು, ರಂಗೋಲಿಯ ಚುಕ್ಕಿಗಳ ಹಾಗೆ ಹರಡಿ ನಿಂತವು. (ತೆರೆಯ ಮೇಲಾದರೆ ಚಿತ್ರ ತೋರಿಸಿಬಿಡಬಹುದು. ಅಚ್ಚಿನಲ್ಲಿ ಓದುಗರು ಊಹಿಸಿಕೊಳ್ಳಬೇಕು.) ಎಂಟೂ ಬೆಳೆಗಳಲ್ಲಿ ಚುಕ್ಕಿಗಳಿದ್ದವು, ಆದರೆ ಒಂದರ ರಂಗೋಲಿ ಇನ್ನೊಂದರಂತಿರಲಿಲ್ಲ. ಏಕದಳ ಮತ್ತು ದ್ವಿದಳಗಳ ನಡುವೆ ಒಂದು ಭೇದ ಮಾತ್ರ ಎದ್ದು ಕಂಡಿತು. ಬಿಸಿ ತಾಗದ ಗಿಡದಲ್ಲೂ ಈ ಪ್ರೋಟೀನುಗಳಲ್ಲಿ ಕೆಲವು ಅಲ್ಪಸ್ವಲ್ಪ ಇರುತ್ತವೆ. ಆ ಪ್ರಮಾಣ ದ್ವಿದಳಗಳಲ್ಲಿ ಹೆಚ್ಚಾಗಿತ್ತು.

ಚುಕ್ಕಿ ಎಣಿಸಿ ವಂಶಾವಳಿ ಬರೆಯಬಹುದೆ? ಬರೆಯುವ ಆಸೆ ಯಾರಿಗಾದರೂ ಹುಟ್ಟುವಂಥದೇ. ಆದರೆ ಜಾನ್ಸನ್ ಬಿದ್ದ ಹಳ್ಳ ಇಲ್ಲಿಯೂ ಬಾಯಿ ತೆರೆದಿತ್ತು. ಅದನ್ನು ದಾಟಲು ಚುಕ್ಕಿಯ ಒಳಗಿನ ಅಮೈನೋ ಆಮ್ಲಗಳ ಸರಣಿಯನ್ನೇ ಓದಬೇಕಾಯಿತು. 1990ರ ದಶಕದ ಹೊತ್ತಿಗೆ ಬಟಾಣಿ, ಸೋಯಾ, ಗೋಧಿ, ಮೆಕ್ಕೆಜೋಳ ಮುಂತಾದವುಗಳ ಇಂಥ ಅನೇಕ ಸರಣಿಗಳು ಕೈಸೇರಿದ್ದವು. ಎಲಿಜಬೆತ್ ವಾಟರ್ಸ್ ಮತ್ತು ಎಲಿಜಬೆತ್ ವೀರ್ಲಿಂಗ್ ಎಂಬ ಇಬ್ಬರು ವಿಜ್ಞಾನಿಗಳು ಅವುಗಳನ್ನು ಜೋಡಿಸಿ ವೃಕ್ಷ ಕಟ್ಟಿದರು. ಆ ವೃಕ್ಷ ಮೊದಲ ನೋಟಕ್ಕೆ ಬೆರಗು ಹುಟ್ಟಿಸುತ್ತದೆ. ಸೋಯಾದ ಒಂದು ಚಿಕ್ಕ ಪ್ರೋಟೀನು ಅದೇ ಸೋಯಾದ ಇನ್ನೊಂದು ಚಿಕ್ಕ ಪ್ರೋಟೀನಿಗಿಂತ ದೂರದ ಗೋಧಿಯ ಪ್ರೋಟೀನಿಗೆ ಹತ್ತಿರ!

ಇದನ್ನು ತಿಳಿಯಲು ನಮ್ಮ ಹಳ್ಳಿಯ ಮನೆತನಗಳನ್ನೇ ನೆನೆಯಬಹುದು. ಒಂದು ಕಾಲಕ್ಕೆ ಒಬ್ಬ ಯಜಮಾನನಿಗೆ ಇಬ್ಬರು ಮಕ್ಕಳು. ಮನೆ ಪಾಲಾಗಿ ಹಿರಿಮನೆ, ಕಿರಿಮನೆ ಎಂದಾಯಿತು. ಬಹಳ ಕಾಲದ ಮೇಲೆ ಬರ ಬಂದು ಊರೇ ಒಡೆದು ಎರಡು ಊರಾಯಿತು. ಹಿರಿಮನೆಯವರೂ ಕಿರಿಮನೆಯವರೂ ಎರಡೂ ಊರಿನಲ್ಲಿ ನೆಲೆಸಿದರು. ಈಗ ಈ ಊರಿನ ಹಿರಿಮನೆಯವನಿಗೆ ಆಚೆ ಊರಿನ ಹಿರಿಮನೆಯವನು ಹತ್ತಿರದ ದಾಯಾದಿ. ಪಕ್ಕದ ಬೀದಿಯ ಕಿರಿಮನೆಯವನು ಅವನಿಗಿಂತ ದೂರ. ಚಿಕ್ಕ ಪ್ರೋಟೀನುಗಳಲ್ಲಿಯೂ ಹೀಗೆ ಒಂದನೆಯ ವರ್ಗ, ಎರಡನೆಯ ವರ್ಗ ಎಂಬ ಮನೆಗಳಿವೆ. ಸೋಯಾದ ಹಿರಿಮನೆಯನ್ನು ಗೋಧಿಯ ಕಿರಿಮನೆಯೊಡನೆ ಹೋಲಿಸಿ, ಊರು ಒಡೆದದ್ದು ಯಾವಾಗ ಎಂದು ಲೆಕ್ಕ ಹಾಕಿದರೆ ಸಿಗುವುದು ಊರು ಒಡೆದ ಕಾಲವಲ್ಲ, ಮನೆ ಪಾಲಾದ ಕಾಲ. ಈ ಒಂದು ವಿವೇಕವಿಲ್ಲದೆ ಬಿಸಿಲಿನ ಪ್ರೋಟೀನಿನಿಂದ ಬೆಳೆಗಳ ನಂಟು ಹೇಳುವುದು ಸಾಧ್ಯವೇ ಇಲ್ಲ. ಈ ವಿಷಯದಲ್ಲಿ ನನಗೆ ಅತಿ ಮುಖ್ಯವೆಂದು ಕಂಡ ಮಾತು ಇದು.

ಮನೆ ಪಾಲಾದದ್ದು ಯಾವಾಗ? ವಾಟರ್ಸ್ ಮತ್ತು ವೀರ್ಲಿಂಗ್ ಹಸಿ ಗೋಡೆಯ ಮೇಲೆ ಬೆಳೆಯುವ ಪಾಚಿಯ ಜಾತಿಯ ಪುಟ್ಟ ಸಸ್ಯ 'ಫ್ಯುನೇರಿಯ'ದಲ್ಲಿ ಹುಡುಕಿದರು. 1999ರಲ್ಲಿ ಪ್ರಕಟವಾದ ಅವರ ಉತ್ತರ: ಎರಡೂ ಮನೆಗಳು ಅಲ್ಲಿಯೂ ಇವೆ. ಅಂದರೆ ಹೂವು, ಬೀಜ ಹುಟ್ಟುವುದಕ್ಕಿಂತ ಬಹಳ ಹಿಂದೆ, ಸಸ್ಯಗಳು ನೆಲಕ್ಕೆ ಕಾಲಿಟ್ಟ ಸುಮಾರಿನಲ್ಲೇ, 40 ಕೋಟಿ ವರ್ಷಗಳಿಗೂ ಹಿಂದೆ ಈ ಪಾಲು ಮುಗಿದಿತ್ತು. ಗೋಧಿ ಮತ್ತು ಸೋಯಾ ಬೇರೆಯಾದದ್ದು ಅದರ ಮುಂದೆ ಮೊನ್ನೆ ಮೊನ್ನೆಯ ಮಾತು.

ಎಲೆಯ ಹಸಿರುಕಣಗಳ ವಿಷಯದಲ್ಲಿ ಇನ್ನೊಂದು ಬೆಸುಗೆ ಬಯಲಾಯಿತು. ಪತ್ರಹರಿತ್ತಿನ ಈ ಕಣಗಳು ಒಂದು ಕಾಲಕ್ಕೆ ಸ್ವತಂತ್ರವಾಗಿ ಬದುಕಿದ್ದ ಬ್ಯಾಕ್ಟೀರಿಯಗಳ ವಂಶದವು. ಅಲ್ಲಿ ಕೆಲಸ ಮಾಡುವ 70ರ ಮತ್ತು 60ರ ಪ್ರೋಟೀನುಗಳು ಆ ತವರಿನ ಚಹರೆಯನ್ನು ಇಂದಿಗೂ ಉಳಿಸಿಕೊಂಡಿವೆ. ಹಸಿರುಕಣದ ಚಿಕ್ಕ ಪ್ರೋಟೀನು ಮಾತ್ರ ಹಾಗಲ್ಲ. ಅದು ಗಿಡದ ಸ್ವಂತ ಜೀನೊಂದು ಇಮ್ಮಡಿಯಾಗಿ, ಅದರ ಒಂದು ಪ್ರತಿ ಹಸಿರುಕಣಕ್ಕೆ ಹೋಗಿ ನೆಲೆಸಿದ್ದರ ಫಲ. ಒಂದೇ ಮನೆಯಲ್ಲಿ ಒಬ್ಬರು ತವರಿನಿಂದ ಬಂದವರು, ಇನ್ನೊಬ್ಬರು ಮನೆಯಲ್ಲೇ ಹುಟ್ಟಿದವರು. ಇಬ್ಬರನ್ನೂ ಬಿಸಿಲು ಒಂದೇ ಕೆಲಸಕ್ಕೆ ಹಚ್ಚಿದೆ.

ನಡುವೆ ಒಂದು ಮಾತು. 1982ರಲ್ಲಿ ಇಂಗೋಲಿಯ ಮತ್ತು ಕ್ರೇಗ್ ಎಂಬವರು ನೊಣದ ಚಿಕ್ಕ ಉಷ್ಣಾಘಾತ ಪ್ರೋಟೀನುಗಳನ್ನು ಓದುತ್ತಿದ್ದಾಗ, ಅವು ಸಸ್ತನಿಗಳ ಕಣ್ಣಿನ ಮಸೂರದಲ್ಲಿರುವ ಕ್ರಿಸ್ಟಲಿನ್ ಎಂಬ ಪ್ರೋಟೀನಿನ ಬಂಧುಗಳೆಂದು ಗೊತ್ತಾಯಿತು. ಗೋಧಿಯ ಚಿಕ್ಕ ಪ್ರೋಟೀನೂ ಇದೇ ಬಳಗಕ್ಕೆ ಸೇರಿದ್ದು. ಬಿಸಿಲಿನಲ್ಲಿ ನಿಂತ ಗೋಧಿಯನ್ನು ನೋಡುವ ರೈತನ ಕಣ್ಣಿನೊಳಗೂ ಗೋಧಿಯೊಳಗೂ ಒಂದೇ ಪೂರ್ವಜನ ಮಕ್ಕಳಿದ್ದಾರೆ.

ಇನ್ನು ದೆಹಲಿಗೆ. ಬೇಕರಿಯವರು ಬಳಸುವ ಯೀಸ್ಟಿನಲ್ಲಿ 104 ಕಿಲೋಡಾಲ್ಟನ್ನಿನ ಒಂದು ಉಷ್ಣಾಘಾತ ಪ್ರೋಟೀನಿದೆ. ಅದಿಲ್ಲದ ಯೀಸ್ಟು ಬಿಸಿಗೆ ಪಳಗುವುದಿಲ್ಲವೆಂದು 1990ರಲ್ಲಿ ಸೂಸನ್ ಲಿಂಡ್‌ಕ್ವಿಸ್ಟ್ ಅವರ ಪ್ರಯೋಗಾಲಯ ತೋರಿಸಿತ್ತು. ದೆಹಲಿ ವಿಶ್ವವಿದ್ಯಾನಿಲಯದ ಅನಿಲ್ ಗ್ರೋವರ್ ಮತ್ತು ಅವರ ಸಂಗಡಿಗರು ಆ ಯೀಸ್ಟ್ ಪ್ರೋಟೀನಿನ ವಿರುದ್ಧ ಬೆಳೆಸಿದ ಪ್ರತಿಕಾಯವನ್ನು ಭತ್ತದ ರಸದ ಮೇಲೆ ಪ್ರಯೋಗಿಸಿದರು. ಬಿಸಿ ತಾಗಿದ ಭತ್ತದಲ್ಲಿ ಅದು ಒಂದು ಪ್ರೋಟೀನನ್ನು ಗುರುತು ಹಿಡಿಯಿತು. ಇದು 1993ರ ಮಾತು. 1995ರಲ್ಲಿ ಅವರು ಬೇರೆ ಬೇರೆ ಕುಲಗಳ ಸಸ್ಯಗಳಲ್ಲೂ ಇಂಥ ದೊಡ್ಡ ಪ್ರೋಟೀನುಗಳನ್ನು ಪ್ರತಿಕಾಯಗಳ ಸಹಾಯದಿಂದಲೇ ತೋರಿಸಿದರು. ಮೆಟ್ಸ್ ಮಹಾಶಯನ ವಿಧಾನ ಎಪ್ಪತ್ತು ವರ್ಷಗಳ ಮೇಲೆ ಹೀಗೆ ಮರಳಿ ಬಂತು. ವ್ಯತ್ಯಾಸವಿಷ್ಟೇ: ಮೆಟ್ಸ್ ಇಡೀ ಸಸ್ಯರಸವನ್ನು ಬೆರೆಸಿ ಕೇಳಿದ್ದ, ಇವರು ಒಂದೇ ಪ್ರೋಟೀನನ್ನು ಹೆಸರು ಹಿಡಿದು ಕೇಳಿದರು. ನೂರು ಜನ ಒಟ್ಟಿಗೆ ಮಾತಾಡುವ ಪಂಚಾಯಿತಿಗೂ ಒಬ್ಬನೇ ಸಾಕ್ಷಿಯನ್ನು ಕಟೆಕಟೆಗೆ ಕರೆಯುವುದಕ್ಕೂ ಇರುವ ಅಂತರ ಅದು. ಮುಂದೆ 2003ರಲ್ಲಿ ಇದೇ ಪ್ರಯೋಗಾಲಯ ಭತ್ತದ ಆ ಜೀನನ್ನು, ತನ್ನ ಜೀನು ಕಳೆದುಕೊಂಡ ಯೀಸ್ಟಿಗೆ ಕೊಟ್ಟಾಗ ಭತ್ತದ ಪ್ರೋಟೀನು ಯೀಸ್ಟಿನ ಕೆಲಸವನ್ನು ವಹಿಸಿಕೊಂಡಿತು. ಅದೇ ವರ್ಷ ಸಾಸಿವೆಯ ಕುಟುಂಬದ 'ಅರಬಿಡಾಪ್ಸಿಸ್' ಎಂಬ ಕಳೆಗಿಡದ ಇದೇ ಜೀನನ್ನು ಪೂಸಾ ಬಾಸ್ಮತಿ ಭತ್ತಕ್ಕೆ ಸೇರಿಸಿ, ಬಿಸಿಯನ್ನು ಹೆಚ್ಚು ತಾಳುವ ಗಿಡಗಳನ್ನು ಪಡೆದದ್ದೂ ಪ್ರಕಟವಾಯಿತು.

ಆದ್ದರಿಂದ ಯಾವ ಪ್ರಶ್ನೆಗೆ ಯಾವ ಸಾಕ್ಷಿ ಎಂಬುದನ್ನು ಅರಿತು ಕರೆಯಬೇಕು. 70ರ ಪ್ರೋಟೀನು ಬಹಳ ಸಂಪ್ರದಾಯಸ್ಥ. ಕರುಳಿನ ಬ್ಯಾಕ್ಟೀರಿಯದ್ದಕ್ಕೂ ಹಣ್ಣುನೊಣದ್ದಕ್ಕೂ ಇಂದಿಗೂ ಸುಮಾರು ಅರ್ಧದಷ್ಟು ಅಮೈನೋ ಆಮ್ಲಗಳು ತಾಳೆಯಾಗುತ್ತವೆ. ಕೋಟಿಗಟ್ಟಲೆ ವರ್ಷಗಳ ಹಿಂದಿನ ನಂಟನ್ನು ಅದು ಚೆನ್ನಾಗಿ ಹೇಳುತ್ತದೆ. ನಿನ್ನೆ ಮೊನ್ನೆ ಬೇರೆಯಾದ ಎರಡು ಗೋಧಿಗಳ ನಡುವೆ ಹೇಳಲು ಅದರ ಬಳಿ ಹೆಚ್ಚೇನೂ ಇರುವುದಿಲ್ಲ. ಚಿಕ್ಕ ಪ್ರೋಟೀನುಗಳು ಬೇಗ ಬದಲಾಗುವವು, ಹಾಗಾಗಿ ಹತ್ತಿರದ ನಂಟಿಗೆ ಅವೇ ಮೇಲು, ಮನೆ ತಪ್ಪದಂತೆ ಹೋಲಿಸಿದರೆ. ನಂಟಿನಿಂದ ತಾಳಿಕೆಯನ್ನು ಅಳೆಯುವುದಂತೂ ಸಲ್ಲದು. ತಂಪುಗಾಲದ ಬಟಾಣಿ, ಗೋಧಿಗಳಲ್ಲೂ ಉರಿಬಿಸಿಲಿನ ಸಜ್ಜೆಯಲ್ಲೂ ಇರುವುದು ಅವೇ ಮನೆತನಗಳ ಪ್ರೋಟೀನುಗಳು. ತಂಪಿಗೆ ಒಗ್ಗಿದ ಬೆಳೆಯಲ್ಲಿ ಅವು ಕಡಿಮೆ ಬಿಸಿಗೇ ಎಚ್ಚರಗೊಳ್ಳುತ್ತವೆ, ಸಜ್ಜೆಯಂಥದರಲ್ಲಿ ಬಿಸಿ ಇನ್ನೂ ಏರಬೇಕು.

ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಬೆಳೆ ಶರೀರಕ್ರಿಯಾ ವಿಭಾಗ ಈ ಸಂಗತಿಯನ್ನು ಬಹಳ ಜಾಣತನದಿಂದ ಬಳಸಿಕೊಂಡಿತು. ಎಂ. ಉದಯಕುಮಾರ್ ಮತ್ತು ಸಂಗಡಿಗರು ಮೊಳಕೆಗಳನ್ನು ಮೊದಲು ಮೆಲ್ಲಮೆಲ್ಲನೆ ಬಿಸಿಗೆ ಪಳಗಿಸಿ, ಆಮೇಲೆ ಮಾರಕ ಬಿಸಿಗೆ ಒಡ್ಡುವ ಕ್ರಮವನ್ನು ರೂಪಿಸಿದರು. ನೇರವಾಗಿ ಸುಟ್ಟರೆ ಎಲ್ಲ ತಳಿಗಳೂ ಒಂದೇ ರೀತಿ ಸಾಯುತ್ತವೆ, ಅವುಗಳ ಭೇದ ಕಾಣುವುದಿಲ್ಲ. ಪಳಗಿಸಿ ಸುಟ್ಟರೆ, ಸಿದ್ಧತೆ ಮಾಡಿಕೊಳ್ಳಬಲ್ಲ ತಳಿ ಚಿಗುರುತ್ತದೆ. ಬಟಾಣಿಯಲ್ಲಿ ಹೀಗೆ ತಳಿ ಆರಿಸಿದ ವರದಿ 2002ರಲ್ಲಿ, ಸೂರ್ಯಕಾಂತಿಯದು 2003ರಲ್ಲಿ ಪ್ರಕಟವಾಯಿತು.

ಅದೇ ವಿಶ್ವವಿದ್ಯಾನಿಲಯದ ಶೈಲಜಾ ಹಿತ್ತಲಮನಿ ಮತ್ತು ಸಂಗಡಿಗರು 2017ರಲ್ಲಿ ಎಂ.ಎಲ್. 365 ಎಂಬ ರಾಗಿ ತಳಿಯ ಸಮಗ್ರ ಜೀನು ಸರಣಿಯನ್ನು ಪ್ರಕಟಿಸಿದರು. ರಾಗಿ ನಮ್ಮದೇ ಎಂದು ನಾವು ಎಷ್ಟೇ ಎದೆ ತಟ್ಟಿಕೊಂಡರೂ ಅದರ ತವರು ಪೂರ್ವ ಆಫ್ರಿಕದ ಎತ್ತರದ ನೆಲ. ಮಂಡ್ಯದ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಪಡೆದಾಗ, ಕಡಲು ದಾಟಿ ಬಂದ ಮನೆಮಗಳನ್ನು ತವರಿನವರೊಂದಿಗೆ ಮತ್ತೆ ಸೇರಿಸಿದಂತಾಯಿತು. ರಾಗಿಯಲ್ಲಿ 36 ವರ್ಣತಂತುಗಳಿದ್ದು, ಅವು ಎ ಮತ್ತು ಬಿ ಎಂಬ ಎರಡು ಗಣಗಳು. ಆದುದರಿಂದ ರಾಗಿಯ ಒಂದೊಂದು ಉಷ್ಣಾಘಾತ ಜೀನಿಗೂ ಸಾಮಾನ್ಯವಾಗಿ ಎರಡು ಪ್ರತಿ, ಒಂದೊಂದು ಹೆತ್ತವರಿಂದ ಒಂದೊಂದು. ಎ ಗಣ ಕೊಟ್ಟದ್ದು 'ಎಲ್ಯುಸೈನ್ ಇಂಡಿಕಾ' ಎಂಬ ಹುಲ್ಲಿನ ವಂಶ. ರಾಗಿ ಹೊಲದ ಬದುವಿನಲ್ಲೂ ಬೆಂಗಳೂರಿನ ಕಾಲುದಾರಿಯ ಕಲ್ಲುಸಂದಿಗಳಲ್ಲೂ ತುಳಿತಕ್ಕೆ ಸಿಕ್ಕಿ ಬೆಳೆಯುವ ಕಳೆ ಅದು. ಬಿ ಗಣ ಕೊಟ್ಟ ಹುಲ್ಲನ್ನು ಹುಡುಕಿದವರು ಇಂದು ಬದುಕಿರುವ ಜಾತಿಗಳಲ್ಲಿ ಯಾವುದನ್ನೂ ಇದೇ ಎಂದು ಖಚಿತವಾಗಿ ತೋರಿಸಿಲ್ಲ. ಪ್ರಾಯಶಃ ಅದು ಅಳಿದುಹೋಗಿದೆ. ಅದರ ಬಿಸಿಲಿನ ಪ್ರೋಟೀನುಗಳು ಮಾತ್ರ ಪ್ರತಿ ಬೇಸಿಗೆಯಲ್ಲೂ ನಮ್ಮ ರಾಗಿಯೊಳಗೆ ಎಚ್ಚರಗೊಳ್ಳುತ್ತಿವೆ.